ಕರೆಪ್ಪನ ಮೂರು ಬೆರಳು

ಖಾನಾಪುರದ ಕರೆಪ್ಪನ ಬಾಯಿಗೆ ಹೆದರದ ಮೀನುಗಾರ ಮಲಪ್ರಭೆಯ ದಂಡೆಯಲ್ಲಿ ಒಬ್ಬನೂ ಇರಲಿಲ್ಲ. ಅಂಗೈ ಉದ್ದವಿಲ್ಲದ ಮರಿಮೀನು ಬುಟ್ಟಿಯಲ್ಲಿ ಕಂಡರೆ ಸಾಕು, ಹಿಡಿದವನ ಜನ್ಮ ಜಾಲಾಡಿಬಿಡುತ್ತಿದ್ದ. ಮರಿಯನ್ನೇ ತಿಂದುಬಿಟ್ಟರೆ ಬರುವ ವರ್ಷ ಹೊಳೆಯಲ್ಲಿ ಮೊಟ್ಟೆ ಇಡುವವರು ಯಾರು ಎಂಬುದೇ ಅವನ ಜಗಳ. ಬೈಯುವ ಹಕ್ಕೂ ಅವನಿಗಿತ್ತೆನ್ನಿ, ಊರಿನ ಅರ್ಧ ಬಲೆಗಳು ಅವನು ಹೆಣೆದವೇ. ಅಳತೆಗೋಲು ಗೀಲು ಏನಿಲ್ಲ. ಬಲೆಯ ಒಂದೊಂದು ಕಣ್ಣಲ್ಲೂ ಅವನ ಮೂರು ಬೆರಳು ತೂರಬೇಕು. ಮರಿ ನುಸುಳಿ ಹೋಗಬೇಕು, ಬಲಿತದ್ದು ಮಾತ್ರ ಸಿಗಬೇಕು.

ಹೋದ ವರ್ಷ ಸಕ್ಕರೆ ಕಾಯಿಲೆ ಜೋರಾಗಿ, ಪಾಪ, ಬೆಳಗಾವಿಯ ಆಸ್ಪತ್ರೆಯಲ್ಲಿ ಎರಡು ತಿಂಗಳು ಮಲಗಿದ. ಮನೆಗೆ ಬಂದವನು ಸುಮ್ಮನೆ ಕೂರುವ ಆಸಾಮಿಯೇ? ಮಳೆಗಾಲಕ್ಕೆ ಮುಂಚೆ ನಾಲ್ಕು ಬಲೆ ಹೆಣೆದು ಕೊಟ್ಟ.

ದೀಪಾವಳಿ ಮುಗಿದ ಮೇಲೆ, ಕಾಯಿಲೆ ಬಿದ್ದ ನಂತರ ಮೊದಲ ಸಲ, ಕೋಲೂರಿಕೊಂಡು ಹೊಳೆಗೆ ಬಂದ. ಅಲ್ಲಿ ಮೀನುಗಾರ ಭರಮಣ್ಣನ ಬುಟ್ಟಿಯ ತುಂಬ ಬರೀ ಬೆರಳುದ್ದದ ಮರಿ!

"ಭರಮ್ಯಾ! ಕೂಸುಗೋಳನ್ನ ಹಿಡದು ತಂದೀಯಲ್ಲೋ, ನಾಚಿಕಿ ಬರೂದಿಲ್ಲ? ಯಾವ ಹಲ್ಕಟ್ ಹೆಣದಾನ ಈ ಬಲಿ?"

ಭರಮಣ್ಣ ತಲೆ ತಗ್ಗಿಸಿದ. "ನೀವ ಹೆಣದಿದ್ರಿ, ಕಾಕಾ. ನಿಮಗ ಹೇಳೋ ಧೈರ್ಯ ಯಾರಿಗೈತ್ರಿ? ಎಲ್ಲಾರೂ ಸುಮ್ಮನಿದ್ವಿ."

"ಸುಳ್ಳ ಹೇಳಬ್ಯಾಡ!" ಕರೆಪ್ಪ ಬಲೆಯ ಕಣ್ಣಿಗೆ ಬೆರಳು ತೂರಿಸಿದ. ಮೂರೂ ಸರಿಯಾಗಿ ಹೋದವು. ಭರಮಣ್ಣ ಅದೇ ಕಣ್ಣಿಗೆ ತನ್ನ ಬೆರಳು ಹಚ್ಚಿದ. ಎರಡೇ ಹೋದವು.

ಒಂದು ಕಾಲಕ್ಕೆ ಕರೆಪ್ಪನ ಬೆರಳು ಭರಮಣ್ಣನವಕ್ಕಿಂತ ದಪ್ಪವಿದ್ದವು. ಕಾಯಿಲೆಯಲ್ಲಿ ಮೈ ಇಳಿದದ್ದು ಅವನಿಗೆ ಗೊತ್ತಿತ್ತು, ಬೆರಳೂ ಇಳಿದಿದ್ದು ಹೊಳೆದಿರಲಿಲ್ಲ. ಒಂದು ಮಳೆಗಾಲದ ಮರಿಯೆಲ್ಲ ತನ್ನ ಕೈಯಿಂದಲೇ ಹೋಯಿತಲ್ಲ ಎಂದು ಮುದುಕನ ಜೀವ ಹಿಂಡಿತು.

"ಅಯ್ಯ ನನ ಶಿವನ," ಎಂದು ಮರಳಲ್ಲೇ ಕುಸಿದು ಕುಳಿತ. "ನನ್ನ ಬಾಯಿಗೆ ಅಂಜಿ ನೀವು ಸುಮ್ಮನಿದ್ರಿ. ಹೊಳಿ ಬರಿದಾತು."

ಅವತ್ತೇ ನಾಲ್ಕೂ ಮನೆಗೆ ಹೋಗಿ ತಪ್ಪೊಪ್ಪಿಕೊಂಡು ಬಲೆ ಇಸಿದುಕೊಂಡು ಬಂದ. ಎಲ್ಲರೆದುರು ಕತ್ತರಿಸಿದ. ಮರುದಿನ ಹೊಸ ನೂಲು ಹಿಡಿದು ಕುಳಿತು ಭರಮಣ್ಣನನ್ನು ಕರೆಸಿದ. "ಕುಂದರು. ನಿನ್ನ ಬೆರಳ ಕೊಡು."

ಭರಮಣ್ಣ ಬೆರಳು ಚಾಚಿದ. ಕರೆಪ್ಪ ಗಂಟು ಹಾಕುತ್ತ ಹೋದ. ಹತ್ತನೇ ಕಣ್ಣಿಗೆ ಕೈ ತಪ್ಪಿ ಗಂಟು ಒಳಗೆ ಸರಿಯಿತು. ಭರಮಣ್ಣ ಆಚೆ ಈಚೆ ನೋಡಿದ.

"ಕಾಕಾ, ಇದು ಸಣ್ಣದಾತು. ಬಿಚ್ಚ್ರಿ."

ಕರೆಪ್ಪ ತುಟಿ ಎರಡು ಮಾಡದೆ ಗಂಟು ಬಿಚ್ಚಿದ.