ಅವ್ವ ದಂಡೆಯಿಂದ ನೋಡಿದ ದೀಪ

ಮಳೆಗಾಲ ಮುಗಿದು ಕಡಲು ಶಾಂತವಾಗುವ ಹೊತ್ತಿಗೆ ಅವ್ವನನ್ನು ಕರೆದುಕೊಂಡು ಕಮಲಾಪುರ ಬಿಟ್ಟೆ. ತಮ್ಮ ಬಸವಣ್ಣ ಕಾರವಾರದ ಎದುರಿನ ನಡುಗಡ್ಡೆಯಲ್ಲಿ ದೀಪಸ್ತಂಭ ಕಾಯುತ್ತಿದ್ದ. ನಿಜಾಮರ ನಮ್ಮ ಸೀಮೆಗೆ ಕಡಲೇ ಇಲ್ಲ. ಊರವರಿಗೆ ಅವನೊಂದು ಸೋಜಿಗ. ಹೊಲ, ಮನೆ, ಅವ್ವನ ಔಷಧ ನೋಡುವವನು ನಾನು. ಅವ್ವನ ಬಾಯಲ್ಲಿದ್ದುದು ಅವನ ಹೆಸರು.

ಕಲಬುರಗಿಯವರೆಗೆ ಚಕ್ಕಡಿ. ಸ್ಟೇಷನ್ ಹತ್ತಿರದ ಸರಾಫನಲ್ಲಿ ನಿಜಾಮರ ನಾಣ್ಯವಾದ ಹಾಲಿ ರೂಪಾಯಿ ಕೊಟ್ಟು, ಬ್ರಿಟಿಷ್ ಸೀಮೆಯಲ್ಲಿ ನಡೆಯುವ ಕಲ್ದಾರ್ ತೆಗೆದುಕೊಂಡೆ. ಹೋಟಗಿಯಲ್ಲಿ ರೈಲು ಬದಲಿಸಿ ವಿಜಾಪುರ, ಗದಗ ದಾಟಿ ಹುಬ್ಬಳ್ಳಿ ಸೇರಿದೆವು. ದಾರಿಯಲ್ಲಿ ಹಸಿದು ಕೆಂಪು ಬಾಳೆಹಣ್ಣಿನ ಬುಟ್ಟಿಗೆ ಕೈ ಹಾಕಿದರೆ ಅವ್ವ ರೊಟ್ಟಿಯ ಗಂಟು ತೋರಿಸಿದಳು. ಹಣ್ಣು ಬಸುವಿಗಂತೆ. ಹುಬ್ಬಳ್ಳಿಯಿಂದ ಎತ್ತಿನ ಗಾಡಿಯಲ್ಲಿ ಘಟ್ಟ ಇಳಿದು ಕಾರವಾರ ಮುಟ್ಟುವಷ್ಟರಲ್ಲಿ ಮೈಯೆಲ್ಲ ನುಗ್ಗಾಗಿತ್ತು.

ಅಲೆಯ ಮೇಲೆ ಹೊಯ್ದಾಡುವ ದೋಣಿ ಕಂಡು ಅವ್ವ ಹತ್ತಲು ಒಪ್ಪಲಿಲ್ಲ. ದಂಡೆಯ ಹತ್ತಿರ ಪರಿಚಯದ ವ್ಯಾಪಾರಿಯೊಬ್ಬರ ಮನೆಯಲ್ಲಿ ಅವಳನ್ನು ಬಿಟ್ಟು, ಬುಟ್ಟಿ ಹೊತ್ತು ನಾನೊಬ್ಬನೇ ಹೊರಟೆ. ತನ್ನ ಅಜ್ಜನ ಕಾಲದಲ್ಲಿ ಹತ್ತಿ ಒಯ್ಯಲು ಬರುವ ಹಡಗುಗಳು ಈ ಬಂಡೆಗಳಿಗೆ ಬಡಿದು ಒಡೆಯುತ್ತಿದ್ದವೆಂದು ಅಂಬಿಗ ಹೇಳಿದ. ಅದಕ್ಕೇ ಸರಕಾರ ಸ್ತಂಭ ಕಟ್ಟಿಸಿತು. ಕಲ್ಲು ಸಾಗಿಸಿದ್ದು ಅವನ ಹಿರಿಯರ ದೋಣಿಗಳು. ಈಗ ಮುಂಬಯಿ ಸ್ಟೀಮರಿನಿಂದ ಹಿಡಿದು ಮೀನುದೋಣಿಯವರೆಗೆ ಎಲ್ಲರೂ ಆ ಬೆಳಕನ್ನೇ ಹುಡುಕುತ್ತಾರೆ. ನಿಮ್ಮ ತಮ್ಮನಿದ್ದರೆ ನಮಗೆ ಧೈರ್ಯ ಎಂದೂ ಸೇರಿಸಿದ. ಇಲ್ಲಿಯೂ ಅವನೇ.

ತಮ್ಮ ಜ್ವರದಲ್ಲಿ ನಡುಗುತ್ತ ಮಲಗಿದ್ದ. ಜೊತೆಗಾರ ರಜೆಯ ಮೇಲೆ ಹೋಗಿದ್ದ, ಮರುದಿನ ಬರುವವನಿದ್ದ.

"ಅವ್ವಗ ಹೇಳಬ್ಯಾಡಣ್ಣಾ, ಗಾಬರಿ ಆಗ್ತಾಳ," ಎಂದ. "ಇವತ್ತೊಂದಿನ ದೀಪ ನೀನೇ ನೋಡ್ಕೋ. ನಾ ಹೇಳಿಕೊಡ್ತೀನಿ."

ಕಂಬಳಿ ಹೊದ್ದು ಅವನು ಮೆಟ್ಟಿಲ ಮೇಲೆ ಕುಳಿತ. ನಾನು ಗಾಜು ಒರೆಸಿದೆ, ಎಣ್ಣೆ ಸುರಿದೆ, ಬತ್ತಿ ಕತ್ತರಿಸಿ ಹಚ್ಚಿದೆ. ಕಡಲು ಕಪ್ಪಾಗುತ್ತ ಬಂದಂತೆ ದೂರದಲ್ಲಿ ಒಂದು ಸ್ಟೀಮರು ಮೆಲ್ಲಗೆ ಬಂದರಿನತ್ತ ತಿರುಗಿತು. ನನ್ನ ಬೆಳಕು ನೋಡಿ ತಿರುಗಿತು! ಬೆಳಗಾಗುವವರೆಗೆ ನಾನು ಕಣ್ಣು ಮುಚ್ಚಲಿಲ್ಲ.

ಮರುದಿನ ಜೊತೆಗಾರ ಬಂದ ದೋಣಿಯಲ್ಲೇ ದಂಡೆಗೆ ಮರಳಿದೆ. ಅವ್ವ ಕಾಯುತ್ತಿದ್ದಳು.

"ನೋಡಪಾ, ಒಂದ್ ಸಲನೂ ದೀಪ ಕುಂದಲಿಲ್ಲ. ನಮ್ಮ ಬಸುನ ಕೈ ಅದು. ಅಷ್ಟು ನಿಗಾ ನಿನಗ ಎಲ್ಲಿ ಬರ್ತದ?"

ತಮ್ಮ ಬೇಡವೆಂದಿದ್ದು ನೆನಪಾಯಿತು. ಖಾಲಿ ಬುಟ್ಟಿಯನ್ನು ಅವಳ ಮುಂದಿಟ್ಟೆ.

ಜ್ವರ ಇಳಿದ ಮೇಲೆ ತಮ್ಮ ದಂಡೆಗೆ ಬಂದ. ಅವ್ವ ಮತ್ತೆ ದೀಪದ ಮಾತು ತೆಗೆದಾಗ ಅವನೇ ಹೇಳಿದ: "ಅವತ್ತ ದೀಪ ಹಚ್ಚಿದಾಂವ ಅಣ್ಣ ಅವ್ವಾ, ನಾ ಅಲ್ಲ."

ನಾನು ಅವ್ವನ ಮುಖ ನೋಡಿದೆ. ಅವಳು ನಕ್ಕು ಅವನ ತಲೆ ಸವರಿದಳು. "ಅಣ್ಣಗ ಹೆಸರು ಬರ್ಲಿ ಅಂತ ಎಷ್ಟು ಆಸಿ ನೋಡು ನನ ಮಗಂಗ."

ಘಟ್ಟ ಹತ್ತುವಾಗ ಕಡಲು ಕೊನೆಯ ಸಲ ಕಂಡಿತು. ಅವ್ವ ಅದನ್ನು ನೋಡಲಿಲ್ಲ. ಅಣ್ಣನಿಗಾಗಿ ಸುಳ್ಳು ಹೇಳುವ ಮಗನ ಕಥೆಯನ್ನು ಗಾಡಿಯವನಿಗೆ ಹೇಳುವುದರಲ್ಲಿ ಮುಳುಗಿದ್ದಳು. ಕಲಬುರಗಿ ಮುಟ್ಟುವವರೆಗೂ ಅದನ್ನೇ ರೈಲಿನಲ್ಲಿ ಪಕ್ಕ ಕುಳಿತವರಿಗೆಲ್ಲ ಹೇಳಿದಳು. ನಾನು ಕೇಳುತ್ತ ಕುಳಿತೆ.