ಕಾಲಬುಡದ ಪರದೆ

ನನ್ನ ಸೋದರಮಾವ ಹತ್ತೊಂಬತ್ತು ವರ್ಷ ಕೆಲಸ ಮಾಡಿದ್ದು ನೆಲದಿಂದ ನಲವತ್ತು ಮೀಟರ್ ಮೇಲೆ. ಬಂದರಿನಲ್ಲಿ ಹಡಗಿನಿಂದ ಕಂಟೇನರ್ ಇಳಿಸುವ ಕ್ರೇನಿನ ಚಾಲಕ ಅವನು. ಅವನ ಕುರ್ಚಿಯ ಕೆಳಗಿದ್ದದ್ದು ದಪ್ಪ ಗಾಜು. ತನ್ನ ಎರಡು ಪಾದಗಳ ನಡುವೆ ಬಗ್ಗಿ ನೋಡುತ್ತ, ಕೋಣೆಯಷ್ಟು ದೊಡ್ಡ ಕಬ್ಬಿಣದ ಪೆಟ್ಟಿಗೆಯನ್ನು ಲಾರಿಯ ನಾಲ್ಕು ಮೂಲೆಯ ಗೂಟಗಳ ಮೇಲೆ ಸದ್ದಿಲ್ಲದೆ ಕೂರಿಸುತ್ತಿದ್ದ. ಜೊತೆಯವರು ಅವನನ್ನು ಗಿಡುಗ ಎಂದು ಕರೆಯುತ್ತಿದ್ದರು. ಅತ್ತೆ ಮಾತ್ರ, "ಗಿಡುಗ ಅಂತೆ ಗಿಡುಗ! ಮೂಗಿನ ಮೇಲಿರೋ ಕನ್ನಡಕಾನ ಮನೆಯೆಲ್ಲಾ ಹುಡುಕ್ತಾರೆ" ಎನ್ನುತ್ತಿದ್ದಳು.

ಹಳ್ಳಿಯಿಂದ ಬಂದ ನಾನು ಅವರ ಮನೆಯಲ್ಲಿದ್ದುಕೊಂಡೇ ಓದಿದವನು. ನಮ್ಮ ಕಡೆ ಪದವಿ ಪಡೆದ ಮೊದಲನೆಯವನು ಎಂದು ಎಲ್ಲರೂ ನನ್ನನ್ನು ಹೊಗಳುತ್ತಿದ್ದ ವರ್ಷವದು. ಆದರೆ ನಾನು ಬಾಯಿ ಬಿಟ್ಟು ನೋಡಿದ್ದು ಮಾವನನ್ನು.

ಆ ವರ್ಷ ಬಂದರಿನವರು ಕ್ರೇನಿನ ಕುರ್ಚಿಗಳನ್ನೇ ತೆಗೆದುಹಾಕಿದರು. ಇನ್ನು ಯಾರೂ ಮೇಲೆ ಹತ್ತುವಂತಿಲ್ಲ. ಕಚೇರಿಯ ಕೋಣೆಯಲ್ಲಿ ಕೂತು, ಕ್ಯಾಮೆರಾ ಕಳಿಸುವ ಚಿತ್ರವನ್ನು ಪರದೆಯಲ್ಲಿ ನೋಡಿ ಕ್ರೇನ್ ಆಡಿಸಬೇಕು. ಆರು ವಾರಕ್ಕೆ ಪರೀಕ್ಷೆ. ಪಾಸಾದರೆ ಆ ಕೋಣೆ, ಇಲ್ಲದಿದ್ದರೆ ಗೇಟಿನಲ್ಲಿ ನಿಂತು ಲಾರಿಗಳ ನಂಬರ್ ಬರೆದುಕೊಳ್ಳುವ ಕೆಲಸ. ತರಬೇತಿಯ ಮೊದಲ ದಿನವೇ ಮಾವ ಪೆಟ್ಟಿಗೆಯನ್ನು ಗೂಟಗಳಿಂದ ಒಂದು ಮೊಳ ಆಚೆ ಇಳಿಸಿ ಬಂದ. ಮನೆಗೆ ಬಂದವನು ನಲ್ಲಿಯ ಕೆಳಗೆ ಬಹಳ ಹೊತ್ತು ಕೈ ತೊಳೆಯುತ್ತ ನಿಂತುಬಿಟ್ಟ.

ಅವನ ಮಗಳನ್ನು ನಾವು ಗುಬ್ಬಿ ಎನ್ನುತ್ತೇವೆ. ಆಕೆ ಬಿಡಿಭಾಗ ತಂದು, ಗೇಮ್ ಆಡುವುದಕ್ಕೆಂದೇ ಒಂದು ಕಂಪ್ಯೂಟರ್ ಜೋಡಿಸಿಕೊಂಡಿದ್ದಳು. ಅಪ್ಪನ ಅಭ್ಯಾಸಕ್ಕೆ ಅದರಲ್ಲಿ ಕ್ರೇನಿನ ಗೇಮ್ ಹಾಕಿ, ಎರಡು ಕೈಗೂ ಒಂದೊಂದು ಜಾಯ್‌ಸ್ಟಿಕ್ ಕೊಟ್ಟಳು. ಆದರೆ ಹಳೆಯ ಪರದೆಯ ಅರ್ಧ ಕಪ್ಪಾಗಿತ್ತು. ಹೊಸದು ಬೇಕೇ ಬೇಕಿತ್ತು.

"ದೊಡ್ಡ ಟಿವಿನೇ ತಗೊಳ್ಳಿ. ನಿಮ್ಮ ಕ್ರೇನೂ ಆಯ್ತು, ನನ್ನ ಸಿನಿಮಾನೂ ಆಯ್ತು" ಎಂದಳು ಅತ್ತೆ.

"ಅಮ್ಮಾ, ಗೇಮಿಗೆ ಮಾನಿಟರೇ ಸರಿ. ಚಿಕ್ಕದಾದ್ರೂ ಚುರುಕು" ಎಂದಳು ಗುಬ್ಬಿ.

ಮಾವ ಅತ್ತೆಯ ಪಕ್ಷ. "ಮೂವತ್ತು ಟನ್ ಎತ್ತೋನಿಗೆ ಊಟದ ತಟ್ಟೆಯಷ್ಟು ಪರದೆನಾ?"

ನೋಡಿಯೇ ತೀರ್ಮಾನಿಸೋಣ ಎಂದು ಕಂಪ್ಯೂಟರನ್ನೇ ಹೊತ್ತುಕೊಂಡು ನಾಲ್ವರೂ ಅಂಗಡಿಗೆ ಹೋದೆವು. ಅಂಗಡಿಯವನು ಅದನ್ನು ಅರವತ್ತೈದು ಇಂಚಿನ ಟಿವಿಗೆ ಜೋಡಿಸಿದ. ಗೋಡೆ ತುಂಬ ಕಡಲು ಹರಡಿಕೊಂಡಿತು. ಮಾವ ಎರಡು ಸಲ ಕೈ ಆಡಿಸಿ ನಿಲ್ಲಿಸಿದ.

"ಇದು ನನ್ನ ಕೈ ಹಿಂದೆ ಬರ್ತಿದೆ. ನಾನು ನಿಲ್ಲಿಸಿದ ಮೇಲೆ ಇದು ನಿಲ್ತಿದೆ."

ಅಂಗಡಿಯವನು ನಕ್ಕ. "ಅಷ್ಟು ಸಣ್ಣದೆಲ್ಲಾ ಮನುಷ್ಯರಿಗೆ ಗೊತ್ತಾಗಲ್ಲ ಸರ್."

ಗುಬ್ಬಿ ನಗಲಿಲ್ಲ. ಮಾವನ ಕೈ ಮತ್ತು ಪರದೆ ಎರಡನ್ನೂ ಫೋನಿನಲ್ಲಿ ನಿಧಾನಗತಿಯ ವಿಡಿಯೊ ಮಾಡಿ ಎಣಿಸಿದಳು. ಸೆಕೆಂಡಿನ ಹತ್ತರಲ್ಲೊಂದು ಭಾಗ ತಡ! "ಟಿವಿ ಚಿತ್ರಾನ ಚೆಂದ ಮಾಡಿ ತೋರಿಸೋಕೆ ಹೊತ್ತು ತಗೊಳ್ಳತ್ತೆ" ಎಂದು ವಿವರಿಸಿ, ಸೆಟ್ಟಿಂಗಿನಲ್ಲಿದ್ದ ಗೇಮ್ ಮೋಡ್ ಒತ್ತಿದಳು. ಮಾವ ಮತ್ತೆ ಆಡಿಸಿ, "ಹಾಂ, ಈಗ ಜೊತೆಗಿದೆ" ಎಂದ.

ಆದರೂ ಪೆಟ್ಟಿಗೆ ಗೂಟಕ್ಕೆ ಕೂರಲಿಲ್ಲ. ಇಪ್ಪತ್ತೇಳು ಇಂಚಿನ ಮಾನಿಟರಿನಲ್ಲೂ ಕೂರಲಿಲ್ಲ. ಮಾವನ ಮುಖ ಸಣ್ಣದಾಯಿತು. ಅತ್ತೆ ಅವನನ್ನು ನಗಿಸಲು, "ತಪ್ಪೋದೇ ಆದ್ರೆ ದೊಡ್ಡದರಲ್ಲೇ ತಪ್ಪಲಿ ಬಿಡಿ, ಎಲ್ಲರೂ ಕೂತು ನೋಡ್ತೀವಿ" ಎಂದಳು. ಮಾವ ನಗಲಿಲ್ಲ. ತನ್ನ ಪಾದಗಳನ್ನೇ ನೋಡುತ್ತಿದ್ದ.

ಆಮೇಲೆ ಎದ್ದು, ಮಾನಿಟರನ್ನು ಅದರ ಕಾಲಿನಿಂದ ಬಿಡಿಸಿ, ಮುಖ ಮೇಲೆ ಮಾಡಿ ನೆಲದ ಮೇಲೆ ಮಲಗಿಸಿದ. "ಸರ್, ಸರ್!" ಎಂದು ಅಂಗಡಿಯವನು ಓಡಿ ಬಂದ. ಮಾವ ಎತ್ತರದ ಸ್ಟೂಲಿನ ಅಂಚಿನಲ್ಲಿ ಕೂತು, ಪರದೆಯ ಆಚೆಗೊಂದು ಈಚೆಗೊಂದು ಪಾದವಿಟ್ಟು, ಬಗ್ಗಿದ. ಪೆಟ್ಟಿಗೆ ತೂಗಾಡುತ್ತ ಇಳಿಯಿತು. ತೂಗಾಟ ಸತ್ತ ಕ್ಷಣಕ್ಕೆ ಸರಿಯಾಗಿ ನಾಲ್ಕು ಮೂಲೆಯೂ ಕೂತವು. ಮತ್ತೊಂದು. ಮತ್ತೊಂದು. ಗಿರಾಕಿಗಳು ಫ್ರಿಜ್ಜು, ಮಿಕ್ಸಿ ಬಿಟ್ಟು ಸುತ್ತ ನೆರೆದರು. ಹನ್ನೆರಡರಲ್ಲಿ ಒಂದೂ ತಪ್ಪಲಿಲ್ಲ.

"ಟಿವಿನ ಹೀಗೆ ಮಲಗಿಸಿದ್ರೆ ನಾನು ಅದರ ಮೇಲೇ ನಿಲ್ಬೇಕಾಗತ್ತೆ. ಮಾನಿಟರೇ ಕೊಡಪ್ಪ" ಎಂದ ಮಾವ. ಅತ್ತೆ ಟಿವಿಯ ಕಡೆ ಒಮ್ಮೆ ನೋಡಿ, ಬಾಗಿಲ ಕಡೆ ನಡೆದಳು.

ಆದರೆ ಬಂದರಿನ ಪರದೆ ನೆಟ್ಟಗೆ ನಿಂತಿರುತ್ತದಲ್ಲ? ಅದಕ್ಕೂ ಮಾವನೇ ದಾರಿ ಹುಡುಕಿದ. "ಲೋ ಪದವೀಧರ, ನಿನ್ನ ಪುಸ್ತಕ ತಾರೋ." ಮನೆಯ ನೆಲದ ಮೇಲೆ ಮಲಗಿಸಿದ್ದ ಮಾನಿಟರಿನ ಮೇಲಂಚಿನ ಅಡಿಗೆ ಒಂದು ಪುಸ್ತಕ ಇಟ್ಟ. ಆ ಓರೆಗೆ ಕಣ್ಣು ಒಗ್ಗುವವರೆಗೆ ಆಡಿ, ಎರಡು ದಿನ ಬಿಟ್ಟು ಇನ್ನೊಂದು. ತಪ್ಪಿದರೆ ಒಂದನ್ನು ತೆಗೆದು ಮತ್ತೆ ಆಡುವುದು. ಸಂಖ್ಯಾಶಾಸ್ತ್ರದ ದಪ್ಪ ಪುಸ್ತಕ ಇಟ್ಟಾಗ ಎರಡು ಸಲ ಹಿಂದೆ ಸರಿಯಬೇಕಾಯಿತು. ಗಿಡುಗನ ಕಣ್ಣು ಹೀಗೆ ಒಂದೊಂದೇ ಪುಸ್ತಕದಷ್ಟು ಮೇಲೆದ್ದಿತು. ಐದನೆಯ ವಾರದ ಕೊನೆಗೆ ಪರದೆ ಗೋಡೆಗೊರಗಿ ನೆಟ್ಟಗೆ ನಿಂತಿತ್ತು, ಪೆಟ್ಟಿಗೆ ತಪ್ಪುತ್ತಿರಲಿಲ್ಲ.

ಪರೀಕ್ಷೆಯ ದಿನ ಮನೆಯವರಿಗೂ ಗಾಜಿನಾಚೆ ನಿಂತು ನೋಡಲು ಬಿಟ್ಟಿದ್ದರು. ಕೋಣೆಯ ಪರದೆ ಅಂಗಡಿಯ ಟಿವಿಗಿಂತ ದೊಡ್ಡದು. ಬಾಗಿಲು ತೆರೆದೇ ಇತ್ತು, ಒಳಗಿನ ಮಾತು ಕೇಳಿಸುತ್ತಿತ್ತು. ಮಾವ ಒಮ್ಮೆ ಕೈ ಆಡಿಸಿ ನಿಲ್ಲಿಸಿಬಿಟ್ಟ.

"ಚಿತ್ರ ತಡವಾಗಿ ಬರ್ತಿದೆ ಸರ್" ಎಂದ, ಪರೀಕ್ಷೆ ನಡೆಸುತ್ತಿದ್ದ ಇಂಜಿನಿಯರಿಗೆ.

"ಬೆಳಿಗ್ಗೆಯಿಂದ ಯಾರೂ ಹೇಳಲಿಲ್ಲವಲ್ಲ ರೀ. ಮುಂದುವರಿಸಿ."

ಮಾವ ವಾದ ಮಾಡಲಿಲ್ಲ. ಪೆಟ್ಟಿಗೆ ಲಾರಿಯ ಮೇಲೆ ಬರುವ ಮೊದಲೇ ಕೈ ನಿಲ್ಲಿಸಿ, ಚಿತ್ರ ತನ್ನ ಕೈಯನ್ನು ಬಂದು ಸೇರುವವರೆಗೆ ಕಾದ. ನಂತರ ಇಳಿಸಿದ. ನಾಲ್ಕು ಮೂಲೆ. ಹತ್ತಕ್ಕೆ ಹತ್ತು. ಇಂಜಿನಿಯರ್ ಕೊನೆಗೆ ಅನುಮಾನ ಬಂದು ಅಳೆಸಿದರೆ, ಒಂದು ಕ್ಯಾಮೆರಾ ನಿಜವಾಗಿಯೂ ತಡವಾಗಿ ಚಿತ್ರ ಕಳಿಸುತ್ತಿತ್ತು. ಬೆಳಿಗ್ಗೆ ಫೇಲಾಗಿದ್ದ ಇಬ್ಬರನ್ನು ಮತ್ತೆ ಕರೆಸಿದರು.

ಮನೆಗೆ ಬಂದು ಗುಬ್ಬಿ ತನ್ನ ಮಾನಿಟರನ್ನು ಎತ್ತಿಕೊಂಡಳು. ಮಾವ ನನ್ನ ಪುಸ್ತಕಗಳ ಧೂಳು ಒರೆಸಿ ಒಂದೊಂದಾಗಿ ಕೈಗಿತ್ತ. ಸಂಖ್ಯಾಶಾಸ್ತ್ರ ಬಂದಾಗ ತಡೆದು, "ಇದರಲ್ಲಿ ಏನಿದೆಯೋ?" ಎಂದು ಕೇಳಿದ.

"ಎಷ್ಟು ತಪ್ಪಾಗಬಹುದು ಅಂತ ಲೆಕ್ಕ ಹಾಕೋದು, ಮಾವ."

"ಅದಕ್ಕೇ ನೋಡು, ಎರಡು ಸಲ ಬೀಳಿಸ್ತು" ಎಂದು ನಕ್ಕು, ಅಭ್ಯಾಸಕ್ಕೆ ಕೂರುತ್ತಿದ್ದ ಸ್ಟೂಲಿನ ಮೇಲೆ ಕೂತ. ಪಾದಗಳನ್ನು ಅಗಲಿಸಿ, ಪರದೆ ಮಲಗಿದ್ದ ಬರಿ ನೆಲವನ್ನು ಸ್ವಲ್ಪ ಹೊತ್ತು ಬಗ್ಗಿ ನೋಡುತ್ತಿದ್ದ.