ಹೊಳೆಮ್ಮ ಕೂತ ಕುರ್ಚಿ

ಎಂಬತ್ತೊಂದನೇ ಇಸವಿಯಲ್ಲಿ ಹೊಸಪೇಟೆಯ ನಮ್ಮ ಇತಿಹಾಸ ಅಧ್ಯಾಪಕರ ಸಂಘಕ್ಕೆ ಸೇರಿದ ಮೊದಲ ಹೆಂಗಸು ಹೊನ್ನೂರಮ್ಮ ಮೇಡಂ. ವಾರ್ಷಿಕ ಸಭೆಯ ಆಮಂತ್ರಣದಲ್ಲಿ ‘ಸದಸ್ಯರು ಪತ್ನಿಯೊಂದಿಗೆ ಬರಬೇಕು’ ಎಂದು ಎಂದಿನಂತೆ ಅಚ್ಚಾಗಿತ್ತು. ಬೇರೆಯವರಾಗಿದ್ದರೆ ನಕ್ಕು ಸುಮ್ಮನಾಗುತ್ತಿದ್ದರು. ಇವರು ಕಂಪ್ಲಿಯ ಕಾಲುವೆ ಗದ್ದೆಗಳಲ್ಲಿ ಭತ್ತ ನಾಟಿ ಮಾಡಿ ತಮ್ಮನ್ನು ಓದಿಸಿದ ತಾಯಿ ಹೊಳೆಮ್ಮನನ್ನು ಕರೆತಂದು, ಪತ್ನಿಯರಿಗೆಂದು ಹಾಕಿದ್ದ ಮುಂದಿನ ಸಾಲಿನಲ್ಲಿ ಕೂಡಿಸಿದರು.

“ಇವರು ಯಾರ್ರಿ?” ಎಂದರು ಕಾರ್ಯದರ್ಶಿ.

“ನಿಮ್ಮ ಬೆನ್ನಿಗೆ ನಿಮ್ಮ ಮನಿಯೋರು ನಿಂತಾರ. ನನ್ನ ಬೆನ್ನಿಗೆ ನಿಂತಾಕಿ ನಮ್ಮವ್ವ. ಕುಂದ್ರಲಿ ಬಿಡ್ರಿ.”

ಎರಡು ವರ್ಷದ ಮೇಲೆ ಮೇಡಂ ತಾವೇ ಕಾರ್ಯದರ್ಶಿಯಾದರು. ಆಮಂತ್ರಣದಲ್ಲಿ ‘ನಿಮ್ಮನ್ನು ಓದಿಸಿದವರೊಂದಿಗೆ ಬನ್ನಿ’ ಎಂದು ಅಚ್ಚು ಹಾಕಿಸಿದರು. ಆ ವರ್ಷ ಮುಂದಿನ ಸಾಲಿನ ತುಂಬ ಬರಿಗಾಲುಗಳಿದ್ದವು. ಅವುಗಳಲ್ಲಿ ಎರಡು ನನ್ನ ಅಪ್ಪನವು.